ಒಂದೇ ಅಕ್ಷಾಂಶದ ನಗರಗಳಲ್ಲಿ ಚಳಿ ಇಷ್ಟೊಂದು ಬೇರೆ ಬೇರೆ ಏಕೆ?

ರೋಮ್ ಮತ್ತು ಶಿಕಾಗೋ ಎರಡೂ ಹೆಚ್ಚುಕಡಿಮೆ 42 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಎರಡಕ್ಕೂ ಸಿಗುವ ಹಗಲು ಒಂದೇ, ಬಿಸಿಲಿನ ಕೋನವೂ ಒಂದೇ. ಆದರೂ ಜನವರಿಯ ಸರಾಸರಿ ತಾಪಮಾನ ರೋಮ್‌ನಲ್ಲಿ ಏಳೆಂಟು ಡಿಗ್ರಿ ಸೆಲ್ಸಿಯಸ್ ಇದ್ದರೆ ಶಿಕಾಗೋದಲ್ಲಿ ಮೈನಸ್ ನಾಲ್ಕರ ಆಸುಪಾಸು. ಇದಕ್ಕೆ ಅಟ್ಲಾಂಟಿಕ್‌ನ ಬೆಚ್ಚನೆಯ ನೀರಿನ ಗಲ್ಫ್ ಸ್ಟ್ರೀಮ್ ಪ್ರವಾಹವೇ ಕಾರಣವೇ ಎಂದು ನೀವು ಕೇಳಿದ್ದೀರಿ. ಹವಾಮಾನದ ಅಂಕಿಅಂಶಗಳನ್ನು ಓದುವುದು ನನಗೆ ಬಹುಕಾಲದಿಂದ ಪ್ರೀತಿಯ ಕೆಲಸ, ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಆ ಪ್ರವಾಹಕ್ಕೆ ಇದರಲ್ಲಿ ಪಾಲಿದೆ, ಆದರೆ ದೊಡ್ಡ ಪಾಲು ಅದರದ್ದಲ್ಲ. ಚಳಿಗಾಲದಲ್ಲಿ ಒಂದು ನಗರವನ್ನು ತಲುಪುವ ಗಾಳಿ ಅದಕ್ಕೂ ಮುಂಚೆ ಯಾವುದರ ಮೇಲೆ ಹಾದುಬಂದಿದೆ ಎಂಬುದೇ ಮುಖ್ಯ.

ಇದನ್ನು ತೋರಿಸಲು ನನಗೆ ಅತ್ಯಂತ ಇಷ್ಟವಾದ ಉದಾಹರಣೆ ರೋಮ್‌ನದ್ದೂ ಅಲ್ಲ, ಶಿಕಾಗೋದ್ದೂ ಅಲ್ಲ. ರಷ್ಯಾದ ವ್ಲಾದಿವಸ್ತೋಕ್ ಮತ್ತು ಜಪಾನಿನ ಸಪ್ಪೋರೊ ನಗರಗಳನ್ನು ನೋಡಿ. ಎರಡೂ 43 ಡಿಗ್ರಿ ಉತ್ತರದಲ್ಲಿವೆ, ನಡುವೆ ಇರುವುದು ಜಪಾನ್ ಸಮುದ್ರ ಮಾತ್ರ. ವ್ಲಾದಿವಸ್ತೋಕ್ ಬಂದರು ನಗರ, ಕಡಲಿಗೆ ಅಂಟಿಕೊಂಡೇ ಇದೆ. ಆದರೂ ಅಲ್ಲಿನ ಜನವರಿ ಸರಾಸರಿ ಮೈನಸ್ 12 ಡಿಗ್ರಿಯಷ್ಟು. ಸಪ್ಪೋರೊದಲ್ಲಿ ಮೈನಸ್ 3. ಫ್ರಾನ್ಸಿನ ನೀಸ್ ಕೂಡ ಸುಮಾರು ಇದೇ ಅಕ್ಷಾಂಶದಲ್ಲಿರುವ ಕರಾವಳಿ ನಗರ, ಅಲ್ಲಿ ಅದೇ ತಿಂಗಳು ಒಂಬತ್ತು ಡಿಗ್ರಿ. ಹಾಗಾಗಿ ಕಡಲು ಪಕ್ಕದಲ್ಲಿದ್ದರೆ ಬೆಚ್ಚಗಿರುತ್ತದೆ ಎಂದಷ್ಟೇ ಹೇಳಿ ಮುಗಿಸುವಂತಿಲ್ಲ.

ಚಳಿಗಾಲದಲ್ಲಿ ಸೈಬೀರಿಯಾದ ನೆಲ ದೀರ್ಘ ರಾತ್ರಿಗಳಲ್ಲಿ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೇಲೆ ಹೊದ್ದ ಹಿಮ ಅಷ್ಟಿಷ್ಟು ಬಿದ್ದ ಬಿಸಿಲನ್ನೂ ಹಿಂದಕ್ಕೆ ಚಿಮ್ಮಿಸುತ್ತದೆ. ಅದರ ಮೇಲಿನ ಗಾಳಿ ತಣ್ಣಗಾಗಿ, ಭಾರವಾಗಿ ಅಲ್ಲೇ ಶೇಖರವಾಗುತ್ತದೆ. ಸೈಬೀರಿಯಾದ ಅಧಿಕ ಒತ್ತಡ ವಲಯ ಎನ್ನುವುದು ಇದನ್ನೇ. ಅಲ್ಲಿಂದ ಗಾಳಿ ಪೆಸಿಫಿಕ್ ಕಡೆಗೆ ಹರಿದು ಹೊರಬೀಳುತ್ತದೆ. ವ್ಲಾದಿವಸ್ತೋಕ್ ತಲುಪುವವರೆಗೆ ಅದು ಹಾದುಬಂದಿದ್ದು ಹೆಪ್ಪುಗಟ್ಟಿದ ನೆಲವನ್ನು ಮಾತ್ರ. ಊರಿನ ಮುಂದೆ ಕಡಲಿದ್ದರೂ ಗಾಳಿ ಬರುವುದು ಬೆನ್ನ ಹಿಂದಿನಿಂದ, ಆದ್ದರಿಂದ ಆ ಕಡಲು ಚಳಿಗಾಲದಲ್ಲಿ ಊರಿಗೆ ಹೆಚ್ಚೇನೂ ಒದಗುವುದಿಲ್ಲ. ಅದೇ ಗಾಳಿ ಮುಂದೆ ಜಪಾನ್ ಸಮುದ್ರವನ್ನು ದಾಟುತ್ತದೆ. ಅಲ್ಲಿ ದಕ್ಷಿಣದಿಂದ ಬರುವ ತ್ಸುಷಿಮಾ ಪ್ರವಾಹ ನೀರನ್ನು ಬೆಚ್ಚಗಿಟ್ಟಿರುತ್ತದೆ. ಗಾಳಿ ಆ ನೀರಿನಿಂದ ಶಾಖವನ್ನೂ ತೇವವನ್ನೂ ಹೀರಿಕೊಂಡು ಹೊಕ್ಕೈಡೊ ದ್ವೀಪವನ್ನು ಸೇರುತ್ತದೆ. ಹೀಗಾಗಿಯೇ ಸಪ್ಪೋರೊ ಒಂಬತ್ತು ಡಿಗ್ರಿ ಬೆಚ್ಚಗಿದ್ದರೂ ಅಲ್ಲಿ ಒಂದು ಚಳಿಗಾಲದಲ್ಲಿ ಬೀಳುವ ಹಿಮವನ್ನು ಕೂಡಿಸಿದರೆ ಐದು ಮೀಟರಿನ ಸಮೀಪಕ್ಕೆ ಹೋಗುತ್ತದೆ. ಹೆಚ್ಚು ತಣ್ಣಗಿರುವ ವ್ಲಾದಿವಸ್ತೋಕ್‌ನಲ್ಲಿ ಆಕಾಶ ಬಹುಪಾಲು ತಿಳಿಯಾಗಿರುತ್ತದೆ, ಹಿಮವೂ ಕಡಿಮೆ. ಹೆಚ್ಚು ಹಿಮವೆಂದರೆ ಹೆಚ್ಚು ಚಳಿ ಎಂದುಕೊಳ್ಳುವವರಿಗೆ ನಾನು ಈ ಎರಡು ನಗರಗಳನ್ನೇ ತೋರಿಸುತ್ತೇನೆ.

ಒಂದು ಡಿಗ್ರಿ ಬಿಸಿಯಾಗಲು ನೀರಿಗೆ ಅಷ್ಟೇ ತೂಕದ ಒಣ ಕಲ್ಲುಮಣ್ಣಿಗಿಂತ ನಾಲ್ಕೈದು ಪಟ್ಟು ಹೆಚ್ಚು ಶಾಖ ಬೇಕು. ಅದಕ್ಕಿಂತ ಮುಖ್ಯವಾದುದೆಂದರೆ, ಅಲೆಗಳು ಕಲಕುವುದರಿಂದ ಬೇಸಿಗೆಯ ಬಿಸಿ ಹತ್ತಾರು ಮೀಟರ್ ಆಳದ ನೀರಿಗೆ ಇಳಿಯುತ್ತದೆ. ನೆಲದಲ್ಲಿ ಅದು ಕೆಲವೇ ಮೀಟರ್ ಇಳಿಯಬಲ್ಲದು. ಸಾಗರ ಬೇಸಿಗೆಯಲ್ಲಿ ಕೂಡಿಟ್ಟಿದ್ದನ್ನು ಚಳಿಗಾಲವಿಡೀ ನಿಧಾನವಾಗಿ ಖರ್ಚು ಮಾಡುತ್ತದೆ. ಮಧ್ಯ ಅಕ್ಷಾಂಶಗಳಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುವುದರಿಂದ ಆ ಖರ್ಚಿನ ಲಾಭ ಖಂಡಗಳ ಪಶ್ಚಿಮ ಕರಾವಳಿಗೆ ಸಿಗುತ್ತದೆ, ಪೂರ್ವ ಕರಾವಳಿಗೆ ಅಷ್ಟಾಗಿ ಸಿಗುವುದಿಲ್ಲ.

ಈಗ ಗಲ್ಫ್ ಸ್ಟ್ರೀಮ್ ವಿಷಯ. ಯುರೋಪಿನ ಹಿತವಾದ ಚಳಿಗಾಲಕ್ಕೆ ಅದೇ ಕಾರಣ ಎಂಬ ಮಾತನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖ ಅಮೆರಿಕದ ನೌಕಾ ಅಧಿಕಾರಿ ಮ್ಯಾಥ್ಯೂ ಮೌರಿ, 1855ರಲ್ಲಿ. 2002ರಲ್ಲಿ ಹವಾಮಾನ ವಿಜ್ಞಾನಿ ರಿಚರ್ಡ್ ಸೀಗರ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ನೇರವಾಗಿ ಪ್ರಶ್ನಿಸಿದರು. ಅಟ್ಲಾಂಟಿಕ್‌ನ ಎರಡು ದಡಗಳ ನಡುವಿನ ವ್ಯತ್ಯಾಸಕ್ಕೆ ಸಾಗರದ ಶಾಖವನ್ನು ಹೊತ್ತು ಪಶ್ಚಿಮದಿಂದ ಬೀಸುವ ಗಾಳಿ ಒಂದು ಕಾರಣ. ಇನ್ನೊಂದು, ಆ ಗಾಳಿಯ ದಾರಿಯನ್ನೇ ಬಾಗಿಸುವ, ಉತ್ತರ ಅಮೆರಿಕದ ಪಶ್ಚಿಮ ಭಾಗದ ರಾಕಿ ಪರ್ವತಗಳು. ರಾಕಿಗಳನ್ನು ದಾಟಿದ ಗಾಳಿ ಬಾಗಿ ಉತ್ತರ ಅಮೆರಿಕದ ಪೂರ್ವ ಭಾಗಕ್ಕೆ ವಾಯವ್ಯದ ಚಳಿಯನ್ನೂ ಯುರೋಪಿಗೆ ನೈಋತ್ಯದ ಬೆಚ್ಚನೆಯನ್ನೂ ತರುತ್ತದೆ ಎಂಬುದು ಅವರ ವಾದ. ಎಲ್ಲ ವಿಜ್ಞಾನಿಗಳೂ ಇದನ್ನು ಪೂರ್ತಿಯಾಗಿ ಒಪ್ಪಿಲ್ಲ. ನಾರ್ವೆಯ ಕಡಲು ಹೆಪ್ಪುಗಟ್ಟದಿರುವುದರಲ್ಲಿ ಪ್ರವಾಹದ ಪಾತ್ರ ದೊಡ್ಡದೇ. ಆದರೆ ನನಗೆ ಈ ವಾದ ಮನವರಿಕೆಯಾಗುವುದು ಅಮೆರಿಕದ ಪಶ್ಚಿಮ ಕರಾವಳಿಯನ್ನು ನೋಡಿದಾಗ. ಪೋರ್ಟ್‌ಲ್ಯಾಂಡ್ 45.5 ಡಿಗ್ರಿಯಲ್ಲಿದೆ, ಜನವರಿ ಸರಾಸರಿ ಐದು ಡಿಗ್ರಿ. ಅದರ ಕರಾವಳಿಯ ಬಳಿ ಗಲ್ಫ್ ಸ್ಟ್ರೀಮ್‌ನಂಥ ಬಿಸಿ ಪ್ರವಾಹವೇ ಇಲ್ಲ, ಹರಿಯುವುದು ತಣ್ಣನೆಯ ಕ್ಯಾಲಿಫೋರ್ನಿಯಾ ಪ್ರವಾಹ. ಆದರೂ ಅದು ಸುಮಾರು ಅದೇ ಅಕ್ಷಾಂಶದ ಫ್ರಾನ್ಸಿನ ಲಿಯಾನ್‌ನಷ್ಟೇ ಬೆಚ್ಚಗಿದೆ. ಅದೇ ಅಕ್ಷಾಂಶದ, ಪೂರ್ವ ಕೆನಡಾದ ಮಾಂಟ್ರಿಯಲ್ ಮೈನಸ್ 9, ಚೀನಾದ ಹಾರ್ಬಿನ್ ಮೈನಸ್ 17ರ ಸುತ್ತಮುತ್ತ.

ಉತ್ತರಕ್ಕೆ ಹೋದಂತೆ ಈ ಅಂತರ ನಂಬಲಾಗದಷ್ಟು ಹಿಗ್ಗುತ್ತದೆ. 62 ಡಿಗ್ರಿಯಲ್ಲಿರುವ ಫ್ಯಾರೋ ದ್ವೀಪಗಳ ಟೋರ್ಸ್‌ಹಾವ್ನ್‌ನಲ್ಲಿ ಜನವರಿ ಸರಾಸರಿ ನಾಲ್ಕು ಡಿಗ್ರಿಯಷ್ಟು, ಅದೇ 62ರಲ್ಲಿರುವ ಸೈಬೀರಿಯಾದ ಯಾಕುತ್ಸ್ಕ್‌ನಲ್ಲಿ ಮೈನಸ್ 37ರ ಆಸುಪಾಸು. ನಲವತ್ತು ಡಿಗ್ರಿ ವ್ಯತ್ಯಾಸ! ಡಿಸೆಂಬರ್ ಕೊನೆಯಲ್ಲಿ ಎರಡೂ ಕಡೆ ನಡುಮಧ್ಯಾಹ್ನದ ಸೂರ್ಯ ಕ್ಷಿತಿಜದಿಂದ ಐದು ಡಿಗ್ರಿಯೂ ಮೇಲೇರುವುದಿಲ್ಲ. ಬಿಸಿಲಿನ ಲೆಕ್ಕದಲ್ಲಿ ಇಬ್ಬರೂ ಸಮಾನ ಬಡವರು. ಒಬ್ಬರ ಸುತ್ತ ಸಾಗರವಿದೆ, ಇನ್ನೊಬ್ಬರು ಲೇನಾ ನದಿಯ ತಗ್ಗಿನಲ್ಲಿ, ತಣ್ಣನೆಯ ಗಾಳಿ ಇಳಿದು ಮಡುಗಟ್ಟುವ ಜಾಗದಲ್ಲಿದ್ದಾರೆ.

ಉಷ್ಣವಲಯದ ಅಂಚಿನಲ್ಲಿ ಪರ್ವತಗಳ ಕೆಲಸ ಸ್ಪಷ್ಟವಾಗುತ್ತದೆ. ಕೋಲ್ಕತ್ತ ಮತ್ತು ಹಾಂಗ್‌ಕಾಂಗ್ ಎರಡೂ 22 ಡಿಗ್ರಿಯ ಆಚೀಚೆ ಇವೆ, ಜನವರಿಯಲ್ಲಿ ಕೋಲ್ಕತ್ತ ಮೂರು ಡಿಗ್ರಿಗೂ ಹೆಚ್ಚು ಬೆಚ್ಚಗಿರುತ್ತದೆ. ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿ ಉತ್ತರದ ಶೀತ ಗಾಳಿಗೆ ಅಡ್ಡ ನಿಂತಿವೆ, ಪೂರ್ವ ಚೀನಾಕ್ಕೆ ಅಂಥ ತಡೆಯಿಲ್ಲ. ಉತ್ತರ ಅಮೆರಿಕದ ನಡುಭಾಗದಲ್ಲೂ ಪೂರ್ವ ಪಶ್ಚಿಮವಾಗಿ ಚಾಚಿದ ಪರ್ವತವಿಲ್ಲ. 2021ರ ಫೆಬ್ರವರಿಯಲ್ಲಿ ಆರ್ಕ್ಟಿಕ್ ಗಾಳಿ ಟೆಕ್ಸಾಸ್‌ವರೆಗೂ ನುಗ್ಗಿ ವಿದ್ಯುತ್ ಜಾಲವನ್ನು ಕಂಗೆಡಿಸಿದ್ದು ನಿಮಗೆ ನೆನಪಿರಬಹುದು.

ದಕ್ಷಿಣಾರ್ಧಗೋಳದಲ್ಲಿ ಸಾಗರವೇ ಹೆಚ್ಚು. ಅರ್ಜೆಂಟೀನಾದ ಉಶುವಾಯ 55 ಡಿಗ್ರಿ ದಕ್ಷಿಣದಲ್ಲಿದೆ, ಅಂದರೆ ಸಮಭಾಜಕದಿಂದ ಹೆಚ್ಚುಕಡಿಮೆ ಮಾಸ್ಕೋದಷ್ಟೇ ದೂರ. ಆದರೂ ಅಲ್ಲಿ ಜುಲೈ, ಅಂದರೆ ಅವರ ನಡುಚಳಿಗಾಲ, ಸರಾಸರಿ ಶೂನ್ಯಕ್ಕಿಂತ ತುಸು ಮೇಲೇ ಇರುತ್ತದೆ. ಇದಕ್ಕೆ ಬೆಲೆಯೂ ಇದೆ: ಅಲ್ಲಿನ ಬೇಸಿಗೆಯ ಸರಾಸರಿ ಹತ್ತು ಡಿಗ್ರಿಯನ್ನು ದಾಟುವುದೇ ಕಷ್ಟ, ಮಾಸ್ಕೋದ ಜುಲೈ 19 ಡಿಗ್ರಿಯಷ್ಟು ಬೆಚ್ಚಗಿರುತ್ತದೆ.

ನೀವೇ ಹೋಲಿಸಲು ಕುಳಿತರೆ ಸಮುದ್ರಮಟ್ಟದಿಂದ ಎತ್ತರವನ್ನು ಮೊದಲು ನೋಡಿ. ಪ್ರತಿ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ, ಆದ್ದರಿಂದ ಒಂದು ಸಾವಿರ ಮೀಟರ್ ಮೇಲಿರುವ ಕೆನಡಾದ ಕ್ಯಾಲ್ಗರಿಯನ್ನು ಲಂಡನ್ ಜತೆ ನೇರವಾಗಿ ಇಡುವುದು ಸರಿಯಲ್ಲ. ಒಂದು ದಿನದ ದಾಖಲೆಯನ್ನು ಬಿಟ್ಟು ಮೂವತ್ತು ವರ್ಷಗಳ ತಿಂಗಳ ಸರಾಸರಿಯನ್ನೇ ತೆಗೆದುಕೊಳ್ಳಿ. ಆ ಸರಾಸರಿಯೂ ಎಲ್ಲವನ್ನೂ ಹೇಳುವುದಿಲ್ಲ. ಕ್ಯಾಲ್ಗರಿಯಲ್ಲಿ ರಾಕಿಗಳಿಂದ ಇಳಿದು ಬರುವ ಚಿನೂಕ್ ಎಂಬ ಒಣ ಬಿಸಿಗಾಳಿ ನಡುಚಳಿಗಾಲದಲ್ಲೇ ತಾಪಮಾನವನ್ನು ಶೂನ್ಯದಿಂದ ಎಷ್ಟೋ ಮೇಲಕ್ಕೆ ಎತ್ತಿಬಿಡುತ್ತದೆ, ಕೆಲವು ದಿನಗಳಲ್ಲಿ ಅದು ಮತ್ತೆ ಮೈನಸ್ ಇಪ್ಪತ್ತಕ್ಕೆ ಕುಸಿಯಬಹುದು. ಜನವರಿ ಸರಾಸರಿಯಲ್ಲಿ ಕಾಣುವ ಮೈನಸ್ ಏಳೆಂಟು ಡಿಗ್ರಿ ಇವೆರಡರ ನಡುವೆ ಎಲ್ಲೋ ಬೀಳುವ ಸಂಖ್ಯೆ.