ಪ್ರತಿಕ್ರಿಯೆ: ಹತ್ತು ಗಂಟೆ ಕಾನೂನು ಬಂದರೂ ದುಡಿಮೆ ಯಾಕೆ ಇಳಿಯಲಿಲ್ಲ?

1847ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಕಾನೂನು ಮಾಡಿದ ಮೇಲೂ ಬಟ್ಟೆ ಗಿರಣಿಗಳಲ್ಲಿ ದಿನಕ್ಕೆ ಹತ್ತು ಗಂಟೆ ಮೀರಿ ದುಡಿಸಿದ್ದು ಹೇಗೆ ಎಂದು ಕೇಳಿದ್ದೀರಿ. ಕಿಂಡಿ ಕಾನೂನಿನೊಳಗೇ ಇತ್ತು: ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ ಹತ್ತು ಗಂಟೆಯ ಮಿತಿ. ಕಾನೂನು ಜಾರಿಯಾಗುವ ಮೊದಲೇ ಮಾಲೀಕರು ಒಪ್ಪಂದದ ಹಾಳೆ ಮುಂದಿಟ್ಟರು. ಸಹಿ ಹಾಕದವರಿಗೆ ಕೆಲಸ ಹೋಯಿತು. ಕಪ್ಪುಪಟ್ಟಿಗೆ ಹೆಸರು ಬಿದ್ದರೆ ಪಕ್ಕದ ಗಿರಣಿಯೂ ಸೇರಿಸಿಕೊಳ್ಳುತ್ತಿರಲಿಲ್ಲ. ಇದಕ್ಕೆ ‘ಸ್ವಂತ ಇಚ್ಛೆಯ ಒಪ್ಪಂದ’ ಎಂಬ ಹೆಸರು ಬೇರೆ!

ನೆರೆಯ ಮ್ಯಾಸಚೂಸೆಟ್ಸ್‌ನಲ್ಲಿ ಅಷ್ಟೂ ಆಗಲಿಲ್ಲ. ಲೋವೆಲ್‌ನ ಗಿರಣಿ ಕೆಲಸಗಾರ್ತಿ ಸಾರಾ ಬ್ಯಾಗ್ಲಿ ಮತ್ತು ಸಂಗಾತಿಗಳು 1845ರಲ್ಲಿ ಶಾಸನಸಭೆಯ ಸಮಿತಿಯೆದುರು ಸಾಕ್ಷಿ ನುಡಿದರು. ದುಡಿಮೆ ದೀರ್ಘವೆಂದು ಒಪ್ಪಿದ ಸಮಿತಿ, ಪರಿಹಾರ ತನ್ನ ಕೈಲಿಲ್ಲ ಎಂದುಬಿಟ್ಟಿತು. ಅಲ್ಲಿ ಹೆಂಗಸರು, ಮಕ್ಕಳಿಗೆ ಹತ್ತು ಗಂಟೆಯ ಮಿತಿ ಬಂದದ್ದು 1874ರಲ್ಲಿ. ಅದರಲ್ಲೂ ಮಾಲೀಕ ‘ಬೇಕೆಂದೇ’ ಉಲ್ಲಂಘಿಸಿದ್ದನ್ನು ರುಜುವಾತು ಮಾಡಬೇಕಿತ್ತು; 1879ರಲ್ಲಿ ಆ ಪದ ತೆಗೆದ ಮೇಲಷ್ಟೇ ಕಾನೂನಿಗೆ ಹಲ್ಲು ಬಂತು.