ಇಸಿಎಂ ಕೆಟ್ಟಿದೆ ಎಂದು ಒಪ್ಪುವ ಮುನ್ನ

ಪ್ರಶ್ನೆ: ನನ್ನ ಪೆಟ್ರೋಲ್ ಕಾರು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಓಡುತ್ತಿರುವಾಗಲೇ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟರೆ ಏನೂ ಆಗಿರಲಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಸ್ಕ್ಯಾನರ್ ಹಾಕಿದಾಗ ಒಮ್ಮೊಮ್ಮೆ ಮೂರು ನಾಲ್ಕು ಸೆನ್ಸರ್‌ಗಳ ದೋಷ ಸಂಕೇತಗಳು ಒಟ್ಟಿಗೇ ಬರುತ್ತವೆ, ಒಮ್ಮೊಮ್ಮೆ ಸ್ಕ್ಯಾನರ್‌ಗೆ ಸಂಪರ್ಕವೇ ಸಿಗುವುದಿಲ್ಲ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಎಂಜಿನ್ ಕಂಟ್ರೋಲ್ ಮಾಡ್ಯೂಲ್, ಅಂದರೆ ಇಸಿಎಂ, ಹೋಗಿದೆ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಇದನ್ನು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ನೀವು ಹೇಳಿರುವ ಲಕ್ಷಣಗಳು ಇಸಿಎಂ ಕೆಟ್ಟಾಗಲೂ ಬರುತ್ತವೆ, ಆದರೆ ಇಸಿಎಂಗೆ ಸರಿಯಾದ ವಿದ್ಯುತ್ ಸಿಗದಿದ್ದಾಗಲೂ ಹೀಗೆಯೇ ಬರುತ್ತವೆ, ಮತ್ತು ಎರಡನೆಯದೇ ಹೆಚ್ಚು ಸಾಮಾನ್ಯ. ಪರೀಕ್ಷೆಗಳು ಮುಗಿಯುವವರೆಗೆ ಬದಲಿಸಲು ಒಪ್ಪಬೇಡಿ ಎಂಬುದೇ ನನ್ನ ಸ್ಪಷ್ಟ ಸಲಹೆ. ಉಳಿದೆಲ್ಲ ಸಾಧ್ಯತೆಗಳನ್ನು ಅಳತೆಯಿಂದ ತಳ್ಳಿಹಾಕಿದ ಮೇಲೆ ಕೊನೆಯಲ್ಲಿ ಉಳಿಯುವ ತೀರ್ಪು ಇಸಿಎಂ ಕೆಟ್ಟಿದೆ ಎಂಬುದಾಗಿರಬೇಕೇ ಹೊರತು ಮೊದಲ ಊಹೆಯಾಗಬಾರದು.

ಮುಂದಿನ ಸಲ ಕಾರು ನಿಂತಾಗ, ಅದು ಆರುವ ಮುನ್ನವೇ, ಎರಡು ಸಂಗತಿಗಳನ್ನು ಗಮನಿಸಿ. ಕೀಯನ್ನು ಆನ್ ಸ್ಥಾನಕ್ಕೆ ತಿರುಗಿಸಿದಾಗ ಚೆಕ್ ಎಂಜಿನ್ ದೀಪ ಹೊತ್ತುತ್ತದೆಯೇ ಎಂಬುದು ಒಂದು. ಎಂದಿನಂತೆ ಹೊತ್ತಬೇಕಾದ ಆ ದೀಪ ನಿಂತ ಹೊತ್ತಿನಲ್ಲಿ ಮಾತ್ರ ಹೊತ್ತದಿದ್ದರೆ, ಇಸಿಎಂ ಎಚ್ಚರಗೊಂಡೇ ಇಲ್ಲ ಎಂದು ಬಹುಮಟ್ಟಿಗೆ ತಿಳಿಯಬಹುದು. ಆಗ ಅನುಮಾನ ಫ್ಯೂಸ್, ಇಸಿಎಂಗೆ ವಿದ್ಯುತ್ ಹರಿಸುವ ಸ್ವಿಚ್ಚಾದ ಮೇನ್ ರಿಲೇ ಮತ್ತು ಅರ್ತ್ (ಬ್ಯಾಟರಿಯ ಋಣ ತುದಿಗೆ ಮರಳುವ ಸಂಪರ್ಕ) ಕಡೆಗೆ ಹೋಗಬೇಕು. ದೀಪ ಹೊತ್ತಿಯೂ ಎಂಜಿನ್ ಹಿಡಿಯದಿದ್ದರೆ, ಸ್ಟಾರ್ಟರ್ ತಿರುಗುತ್ತಿರುವಾಗ ಸ್ಕ್ಯಾನರ್‌ನಲ್ಲಿ ಎಂಜಿನ್ ವೇಗ ಕಾಣುತ್ತದೆಯೇ ಎಂಬುದು ಇನ್ನೊಂದು. ಅಲ್ಲಿ ಸೊನ್ನೆಯೇ ಇದ್ದರೆ, ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರನ್ನು ಮೊದಲು ನೋಡಿ. ಬಿಸಿಯಾದಾಗ ಸುಮ್ಮನಾಗಿ ತಣಿದಾಗ ಮತ್ತೆ ಕೆಲಸ ಮಾಡುವುದು ಈ ಸೆನ್ಸರ್‌ನ ಹಳೆಯ ಚಾಳಿ, ಮತ್ತು ಇದರಿಂದಾಗಿ ಅನೇಕ ಒಳ್ಳೆಯ ಇಸಿಎಂಗಳು ವಿನಾಕಾರಣ ಹೊರಗೆ ಬಿದ್ದಿವೆ.

ಸ್ಕ್ಯಾನರ್‌ಗೆ ಸಂಪರ್ಕ ಸಿಗದಿದ್ದಾಗ ಅದು ಎಬಿಎಸ್, ಏರ್‌ಬ್ಯಾಗ್ ಮುಂತಾದ ಬೇರೆ ಮಾಡ್ಯೂಲ್‌ಗಳೊಂದಿಗೆ ಮಾತನಾಡುತ್ತದೆಯೇ ನೋಡಬೇಕು. ಅವು ಉತ್ತರಿಸಿ ಇಸಿಎಂ ಮಾತ್ರ ಉತ್ತರಿಸದಿದ್ದರೆ ತೊಂದರೆ ಇಸಿಎಂನಲ್ಲಿ ಅಥವಾ ಅದಕ್ಕೆ ಹೋಗುವ ತಂತಿಗಳಲ್ಲಿದೆ. ಯಾವುದೂ ಉತ್ತರಿಸದಿದ್ದರೆ ಸ್ಕ್ಯಾನರ್ ಜೋಡಿಸುವ ಒಬಿಡಿ ಸಾಕೆಟ್ಟನ್ನೇ ಪರೀಕ್ಷಿಸಿ: 16ನೆಯ ಪಿನ್ನಿನಲ್ಲಿ ಬ್ಯಾಟರಿಯ ವೋಲ್ಟೇಜ್, 4 ಮತ್ತು 5ನೆಯ ಪಿನ್ನುಗಳಲ್ಲಿ ಅರ್ತ್ ಇರಬೇಕು. ಮಾಡ್ಯೂಲ್‌ಗಳು ಪರಸ್ಪರ ಮಾತನಾಡುವ ಕ್ಯಾನ್ ಜಾಲವಿರುವ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಯನ್ನು ಬಿಚ್ಚಿ 6 ಮತ್ತು 14ನೆಯ ಪಿನ್ನುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಓಮ್ ಬಂದರೆ ಜಾಲದ ಎರಡು ತುದಿಗಳಲ್ಲಿರುವ ರೋಧಕಗಳಲ್ಲಿ ಒಂದರ ಸಂಪರ್ಕ ಕಡಿದಿದೆ ಎಂದರ್ಥ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಹಲವು ಸೆನ್ಸರ್‌ಗಳು ಒಂದೇ ಕ್ಷಣದಲ್ಲಿ ಕೆಡುವುದು ಅಪರೂಪ. ಅವೆಲ್ಲಕ್ಕೂ ಸಮಾನವಾದ ಏನೋ ಒಂದು ಕೆಟ್ಟಿರುವುದೇ ಹೆಚ್ಚು. ಥ್ರಾಟಲ್, ಆಕ್ಸಿಲರೇಟರ್ ಪೆಡಲ್, ಮ್ಯಾನಿಫೋಲ್ಡ್ ಒತ್ತಡ ಮುಂತಾದ ಸೆನ್ಸರ್‌ಗಳಿಗೆ ಇಸಿಎಂ 5 ವೋಲ್ಟ್‌ನ ಸ್ಥಿರ ಪೂರೈಕೆಯನ್ನು ಕೊಡುತ್ತದೆ, ಮತ್ತು ಒಂದೇ ಪೂರೈಕೆಯನ್ನು ಹಲವು ಸೆನ್ಸರ್‌ಗಳು ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಒಳಗೆ ಷಾರ್ಟ್ ಆದರೆ, ಒಂದು ಮನೆಯ ಒಡೆದ ಪೈಪಿನಿಂದ ಇಡೀ ಬೀದಿಯ ನಲ್ಲಿಗಳು ಬತ್ತುವ ಹಾಗೆ, ಉಳಿದವೆಲ್ಲವೂ ಕೈಕೊಟ್ಟಂತೆ ಕಾಣುತ್ತವೆ. ಪಿ0641, ಪಿ0642, ಪಿ0643 ಎಂಬ ಸಂಕೇತಗಳು ಈ ಪೂರೈಕೆಯ ತೊಂದರೆಯನ್ನೇ ಹೇಳುತ್ತವೆ. ದೋಷ ಇರುವಾಗಲೇ 5 ವೋಲ್ಟ್ ಬಿದ್ದಿದೆಯೇ ಎಂದು ಅಳೆದು, ಬಿದ್ದಿದ್ದರೆ ಸೆನ್ಸರ್‌ಗಳ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋಗಬೇಕು. ಯಾವುದನ್ನು ಬಿಚ್ಚಿದಾಗ ವೋಲ್ಟೇಜ್ ಮರಳುತ್ತದೋ ಅದೇ ಅಪರಾಧಿ. ಎಸಿಯ ಒತ್ತಡದ ಸೆನ್ಸರನ್ನು ಮರೆಯಬೇಡಿ, ಏಕೆಂದರೆ ಎಂಜಿನ್ನಿನ ತೊಂದರೆಗೆ ಅಲ್ಲಿ ಹುಡುಕಬೇಕೆಂದು ಯಾರಿಗೂ ತೋಚುವುದಿಲ್ಲ. ಎಲ್ಲವನ್ನೂ ಬಿಚ್ಚಿದರೂ ವೋಲ್ಟೇಜ್ ಮರಳದೆ, ಇಸಿಎಂನ ಕನೆಕ್ಟರನ್ನೂ ಬಿಚ್ಚಿ ಅಳೆದಾಗ ಆ ತಂತಿಗೆ ಅರ್ತಿನ ಜೊತೆ ಸಂಪರ್ಕವಿಲ್ಲವೆಂದು ಖಚಿತವಾದರೆ ಮಾತ್ರ ಇಸಿಎಂನ ಮೇಲೆ ಬೆರಳು ತೋರಿಸಬಹುದು.

ಇಸಿಎಂಗೆ ಬರುವ ವಿದ್ಯುತ್ತನ್ನು ಅಳೆಯುವ ರೀತಿಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕನೆಕ್ಟರನ್ನು ಬಿಚ್ಚಿ, ಮಲ್ಟಿಮೀಟರ್ ಇಟ್ಟು, 12 ವೋಲ್ಟ್ ಕಂಡಿತೆಂದು ಸಮಾಧಾನಪಡುತ್ತಾರೆ. ಮೀಟರ್ ಎಳೆಯುವ ಕರೆಂಟು ನಗಣ್ಯವಾದುದರಿಂದ, ಎಲ್ಲ ಎಳೆಗಳೂ ತುಂಡಾಗಿ ಒಂದೇ ಎಳೆ ಉಳಿದಿರುವ ತಂತಿಯೂ ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಸರಿಯಾದ ಕ್ರಮವೆಂದರೆ ಇಸಿಎಂ ಜೋಡಿಸಿದ್ದು ಎಂಜಿನ್ ಓಡುತ್ತಿರುವಾಗ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಕೆಂಪು ಕಡ್ಡಿಯನ್ನು ಕನೆಕ್ಟರಿನ ಹಿಂಬದಿಯಿಂದ ಇಸಿಎಂನ ಅರ್ತ್ ಪಿನ್ನಿಗೂ ಇಟ್ಟು ನೋಡುವುದು. ಅಲ್ಲಿ 0.1 ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ತ್ ದುರ್ಬಲವಾಗಿದೆ. ಅದನ್ನು ಬಿಗಿದಿರುವ ಬೋಲ್ಟನ್ನು ಬಿಚ್ಚಿ, ತುಕ್ಕನ್ನು ಉಜ್ಜಿ ತೆಗೆದು, ಮತ್ತೆ ಬಿಗಿಯಬೇಕು. ಧನ ಬದಿಯ ಪಿನ್ನುಗಳನ್ನೂ ಇದೇ ರೀತಿ ಬ್ಯಾಟರಿಯ ಧನ ತುದಿಯೊಂದಿಗೆ ಹೋಲಿಸಿ ನೋಡಿ. ಮೇನ್ ರಿಲೇಯ ಒಳಗಿನ ಬೆಸುಗೆ ಬಿರುಕು ಬಿಟ್ಟಿದ್ದರೂ ಬಿಸಿಯಾದಾಗ ನಿಲ್ಲುವ, ಆರಿದಾಗ ಓಡುವ ತೊಂದರೆ ಬರುತ್ತದೆಯಾದ್ದರಿಂದ, ಅದೇ ಮಾದರಿಯ ಬೇರೆ ರಿಲೇಯೊಂದನ್ನು ಹಾಕಿ ನೋಡುವುದು ಅತ್ಯಂತ ಸುಲಭದ ಪರೀಕ್ಷೆ.

ಪಿ0601ರಿಂದ ಪಿ0606ರವರೆಗಿನ ಸಂಕೇತಗಳು ಇಸಿಎಂನ ಸ್ಮೃತಿ, ಪ್ರೋಗ್ರಾಮಿಂಗ್ ಮತ್ತು ಪ್ರೊಸೆಸರ್‌ಗೆ ಸಂಬಂಧಿಸಿದವು. ಇವು ಬಂದರೂ ಆತುರ ಬೇಡ. ಬ್ಯಾಟರಿ ಕುಸಿದಾಗಲೂ ಇವುಗಳಲ್ಲಿ ಕೆಲವು ದಾಖಲಾಗುತ್ತವೆ. ವಿದ್ಯುತ್ ಪೂರೈಕೆ ಸರಿಯಿದೆ ಎಂದು ಖಚಿತಪಡಿಸಿಕೊಂಡು, ಅಳಿಸಿ, ಮತ್ತೆ ಬರುತ್ತವೆಯೇ ಎಂದು ನೋಡಿ. ವಿದ್ಯುತ್ತು, ಅರ್ತ್, ಕ್ರ್ಯಾಂಕ್ ಸೆನ್ಸರ್‌ನ ಸಂಕೇತ ಎಲ್ಲವೂ ಇಸಿಎಂನ ಪಿನ್ನಿನವರೆಗೆ ಸರಿಯಾಗಿ ಬರುತ್ತಿದ್ದು, ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಓಡದಂತೆ ನೋಡಿಕೊಳ್ಳುವ ಕಳ್ಳತನ ತಡೆ ವ್ಯವಸ್ಥೆ) ತಡೆಯುತ್ತಿಲ್ಲವೆಂದು ಗೊತ್ತಾಗಿ, ಆದರೂ ಇಂಧನ ಸಿಂಪಡಿಸುವ ಇಂಜೆಕ್ಟರ್‌ಗೂ ಕಿಡಿ ಹುಟ್ಟಿಸುವ ಕಾಯಿಲ್‌ಗೂ ಆದೇಶ ಹೊರಡದಿದ್ದರೆ ಆಗ ಇಸಿಎಂ ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: ಬ್ಯಾಟರಿಯ ತಂತಿ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಇಸಿಎಂ ರಿಸೆಟ್ ಆಗಿ ಸರಿಹೋಗುತ್ತದೆ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಕೆಟ್ಟ ಭಾಗ ಅದರಿಂದ ಸರಿಹೋಗುವುದಿಲ್ಲ. ಹಲವು ಕಾರುಗಳಲ್ಲಿ ದೋಷ ಸಂಕೇತಗಳೂ, ದೋಷ ಬಂದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬ ದಾಖಲೆಯೂ ಅದರಿಂದ ಅಳಿಸಿಹೋಗುತ್ತವೆ. ಆ ದಾಖಲೆಯೇ ರೋಗಪತ್ತೆಯ ದೊಡ್ಡ ಆಸ್ತಿಯಾದ್ದರಿಂದ, ಅದನ್ನು ಓದಿ ಬರೆದಿಟ್ಟುಕೊಳ್ಳುವ ಮುನ್ನ ಬ್ಯಾಟರಿಗೆ ಕೈ ಹಚ್ಚಬೇಡಿ.

ಪ್ರಶ್ನೆ: ನಮ್ಮ ಕಾರಿನ ಇಸಿಎಂ ಕೆಟ್ಟಿರುವುದು ಖಚಿತವಾಗಿದೆ. ಅದೇ ಮಾದರಿಯ ಕಾರಿನಿಂದ ತೆಗೆದ ಹಳೆಯದನ್ನು ಹಾಕಿದರೆ ಸಾಕೇ?

ಉತ್ತರ: ಮೊದಲು, ನಿಮ್ಮದು ಏಕೆ ಸತ್ತಿತು ಎಂಬುದನ್ನು ಕಂಡುಹಿಡಿಯಿರಿ. ಷಾರ್ಟ್ ಆದ ಇಗ್ನಿಷನ್ ಕಾಯಿಲ್ ಅಥವಾ ಇಂಜೆಕ್ಟರ್, ಮಿತಿಮೀರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಒಳಗೆ ಇಳಿದ ನೀರು, ಧನ ಋಣ ಅದಲುಬದಲಾಗಿ ಕೊಟ್ಟ ಜಂಪ್ ಸ್ಟಾರ್ಟ್ ಇವು ಸಾಮಾನ್ಯ ಕಾರಣಗಳು. ಎಲ್ಲ ಇಂಜೆಕ್ಟರ್‌ಗಳ ರೋಧವನ್ನು ಅಳೆದು ಒಂದಕ್ಕೊಂದು ಹೋಲಿಸಿ ನೋಡಿ, ಉಳಿದವುಗಳಿಗಿಂತ ತೀರ ಕಡಿಮೆ ಇರುವುದನ್ನು ಬದಲಿಸಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 15 ವೋಲ್ಟ್ ದಾಟಬಾರದು. ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಅಥವಾ ಎಣ್ಣೆಯ ಪಸೆ ಇದೆಯೇ ಎಂದೂ ನೋಡಬೇಕು, ಏಕೆಂದರೆ ಸೋರುವ ಸೆನ್ಸರ್‌ನಿಂದ ಎಣ್ಣೆ ತಂತಿಯೊಳಗೇ ತೆವಳಿಕೊಂಡು ಇಸಿಎಂವರೆಗೆ ಬರುವುದುಂಟು. ಇದನ್ನೆಲ್ಲ ಸರಿಪಡಿಸದೆ ಹಾಕಿದ ಇಸಿಎಂ ಮೊದಲ ದಿನವೇ ಸುಟ್ಟುಹೋಗಬಹುದು.

ಹಳೆಯದರ ಬಗ್ಗೆ ಹೇಳುವುದಾದರೆ, ಪೆಟ್ಟಿಗೆಯ ಆಕಾರವೂ ಕನೆಕ್ಟರೂ ಒಂದೇ ಇದ್ದ ಮಾತ್ರಕ್ಕೆ ಸಾಲದು. ಹಾರ್ಡ್‌ವೇರ್ ಸಂಖ್ಯೆ, ಸಾಫ್ಟ್‌ವೇರ್ ಸಂಖ್ಯೆ ಎರಡೂ ಹೊಂದಬೇಕು; ಒಂದೇ ಮಾದರಿಯ ಮ್ಯಾನುವಲ್ ಮತ್ತು ಆಟೋಮ್ಯಾಟಿಕ್ ಕಾರುಗಳ ನಡುವೆಯೂ ಅವು ಬೇರೆಯಾಗಿರಬಹುದು. ಅದಕ್ಕಿಂತ ದೊಡ್ಡ ಅಡ್ಡಿ ಇಮ್ಮೊಬಿಲೈಸರ್. ಇಸಿಎಂ ತನ್ನ ಹಳೆಯ ಕಾರಿನ ಕೀಯನ್ನು ಮಾತ್ರ ಗುರುತಿಸುವುದರಿಂದ, ನಿಮ್ಮ ಕಾರಿನಲ್ಲಿ ಸ್ಟಾರ್ಟರ್ ತಿರುಗಿದರೂ ಎಂಜಿನ್ ಹಿಡಿಯುವುದಿಲ್ಲ, ಅಥವಾ ಹಿಡಿದು ಕ್ಷಣದಲ್ಲಿ ಆರಿಹೋಗುತ್ತದೆ. ನಿಮ್ಮ ಕೆಟ್ಟ ಇಸಿಎಂನ ಸ್ಮೃತಿಯನ್ನು ಇನ್ನೂ ಓದಲು ಸಾಧ್ಯವಿದ್ದರೆ ಅದನ್ನು ಹಳೆಯದಕ್ಕೆ ನಕಲು ಮಾಡಿಸಬಹುದು. ಆಗ ಕೀ, ಚಾಸಿ ಸಂಖ್ಯೆ ಎಲ್ಲವೂ ಜೊತೆಗೇ ಬರುತ್ತವೆ. ತೊಂದರೆ ಬೆಸುಗೆಯದ್ದೋ ಒಂದೆರಡು ಟ್ರಾನ್ಸಿಸ್ಟರಿನದ್ದೋ ಆಗಿದ್ದರೆ, ಬೋರ್ಡ್ ರಿಪೇರಿ ಬಲ್ಲವರಿಂದ ನಿಮ್ಮದನ್ನೇ ಸರಿಪಡಿಸಿಕೊಳ್ಳುವುದು ಇವೆಲ್ಲಕ್ಕಿಂತ ಒಳ್ಳೆಯದೆಂದು ನನ್ನ ಅಭಿಪ್ರಾಯ. ನೀರು ಕುಡಿದು ಒಳಗಿನ ಪದರಗಳವರೆಗೆ ಕಿಲುಬು ಹಿಡಿದ ಬೋರ್ಡಿಗೆ ಈ ಮಾತು ಅನ್ವಯಿಸುವುದಿಲ್ಲ.

ಜೋಡಿಸುವಾಗ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ, ಮೈಯ ಸ್ಥಿರ ವಿದ್ಯುತ್ತನ್ನು ಲೋಹ ಮುಟ್ಟಿ ಕಳೆದುಕೊಂಡು, ಕನೆಕ್ಟರಿನ ಲಿವರನ್ನು ಬಲವಂತವಿಲ್ಲದೆ ಒತ್ತಬೇಕು. ಬಾಗಿದ ಒಂದು ಪಿನ್ ಹೊಸ ತೊಂದರೆಗೆ ಸಾಕು. ಪ್ರೋಗ್ರಾಮಿಂಗ್ ನಡೆಯುವಷ್ಟು ಹೊತ್ತೂ ಬ್ಯಾಟರಿಗೆ ಸ್ಥಿರ ವಿದ್ಯುತ್ ಕೊಡುವ ಸಪೋರ್ಟ್ ಯಂತ್ರವನ್ನು ಜೋಡಿಸಿರಬೇಕು, ಏಕೆಂದರೆ ನಡುವೆ ವೋಲ್ಟೇಜ್ ಬಿದ್ದು ಬರಹ ಅರ್ಧಕ್ಕೆ ನಿಂತರೆ ಒಳ್ಳೆಯ ಇಸಿಎಂ ಕೂಡ ಏಳದೆ ಹೋಗಬಹುದು. ಅದಾದ ಮೇಲೆ ಕೀಗಳನ್ನು ಕಲಿಸುವುದು, ಥ್ರಾಟಲ್ ಮತ್ತು ಐಡಲ್ ಹೊಂದಿಕೆ, ಕೆಲವು ಕಾರುಗಳಲ್ಲಿ ಕ್ರ್ಯಾಂಕ್ ಸ್ಥಾನದ ಕಲಿಕೆ ಸ್ಕ್ಯಾನರ್‌ನಿಂದ ಆಗಬೇಕು. ಕಾಮನ್ ರೈಲ್ ಡೀಸೆಲ್ ಕಾರಾದರೆ ಸಾಮಾನ್ಯವಾಗಿ ಪ್ರತಿ ಇಂಜೆಕ್ಟರ್‌ನ ಮೇಲಿರುವ ತಿದ್ದುಪಡಿ ಸಂಕೇತವನ್ನು ಸರಿಯಾದ ಸಿಲಿಂಡರಿನ ಎದುರು ಬರೆಯಬೇಕಾಗುತ್ತದೆ. ಅದು ತಪ್ಪಿದರೆ ಎಂಜಿನ್ ಅದುರುತ್ತದೆ, ಹೊಗೆ ಹೆಚ್ಚಾಗುತ್ತದೆ. ಹೊಸ ಇಸಿಎಂ ಇಂಧನದ ಹೊಂದಾಣಿಕೆಯನ್ನು ಓಡುತ್ತಲೇ ಕಲಿಯುವುದರಿಂದ, ಆರಂಭದ ಕೆಲವು ಓಟಗಳಲ್ಲಿ ಐಡಲ್ ಸ್ವಲ್ಪ ಏರಿಳಿದರೆ ಗಾಬರಿಪಡದೆ, ಆ ಅವಧಿ ಮುಗಿದ ಮೇಲೆ ಇನ್ನೊಮ್ಮೆ ಸಂಕೇತಗಳನ್ನು ಓದಿಸಿ ನೋಡಿ.