ಮಸ್ತಗಿ ಮಿಕ್ಸಿಗೆ ಅಂಟಿಕೊಂಡರೆ

ತಂದೆಯವರ ಅಲ್ಸರಿಗೆಂದು ತಂದ ಮಸ್ತಗಿ ಮಿಕ್ಸಿಯಲ್ಲಿ ಪುಡಿಯಾಗದೆ ಅಂಟಿಕೊಂಡಿತು, ಅದು ಅಸಲಿಯೋ ಅಲ್ಲವೋ ಎಂದು ಬರೆದಿದ್ದೀರಿ. ಮಿಕ್ಸಿಯ ಬಿಸಿಗೇ ನಿಮ್ಮ ಮಸ್ತಗಿ ಮೆತ್ತಗಾಗಿ ಬ್ಲೇಡಿಗೆ ಅಂಟಿರಬೇಕು. ಅದು ಮರದ ಅಂಟು, ತಣ್ಣಗಿದ್ದರಷ್ಟೇ ಪುಡಿಯಾಗುತ್ತದೆ. ನಾನೂ ಒಂದು ಜಾರ್ ಕೆಡಿಸಿಕೊಂಡೇ ಕಲಿತದ್ದು. ಹರಳುಗಳನ್ನು ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಆಮೇಲೆ ಒಂದು ಚಮಚ ಸಕ್ಕರೆ ಸೇರಿಸಿ ಕುಟ್ಟಾಣಿಯಲ್ಲಿ ಮೆಲ್ಲಗೆ ಕುಟ್ಟಿ, ತಿರುವಿ ಅರೆಯಬೇಡಿ. ಅಂಟು ಹಿಡಿದ ಜಾರಿಗೆ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ.

ಇನ್ನು ಅಸಲಿಯೋ ಎಂಬ ಪ್ರಶ್ನೆ. ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ. ಒಂದು ಹರಳು ಜಗಿದು ನೋಡಿ: ಮೊದಲು ಪುಡಿಪುಡಿ, ಆಮೇಲೆ ಬಿಳಿ ಮುದ್ದೆ, ಪೈನ್ ಮರದ ಘಮ. ಗ್ರೀಸಿನ ಖಿಯೋಸ್ ದ್ವೀಪದ ದಕ್ಷಿಣದ ಹಳ್ಳಿಗಳಲ್ಲಿ ತೊಗಟೆ ಗೀರಿ ಇದನ್ನು ಇಳಿಸುತ್ತಾರೆ. ಹೊಟ್ಟೆಗೂ ಬಾಯಿವಾಸನೆಗೂ ಇದು ಒಳ್ಳೆಯದೆಂದು 1ನೇ ಶತಮಾನದ ವೈದ್ಯ ಡಯಾಸ್ಕೊರಿಡೀಸನೇ ಬರೆದಿದ್ದ. ಹಾಗಂತ ತಂದೆಯವರ ಅಲ್ಸರ್ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರಿಗೆ ತಿಳಿಸಿಯೇ ಕೊಡಿ.